ಶಿವ ಎಂಬ ಪ್ರಾಜೆಕ್ಟನ್ನು ಅಳಿಸದೆ ಬಿಟ್ಟದ್ದು

ದೇವರಿಗೆ ಹೆದರುವವನು ಒಳ್ಳೆಯವನೇ ಇರಬೇಕು ಎಂದು ಜನ ಸುಲಭವಾಗಿ ನಂಬಿಬಿಡುತ್ತಾರೆ. ನನ್ನ ವಿಷಯದಲ್ಲಿ ಹಾಗೆ ನಂಬಿದವರಲ್ಲಿ ನಾನೇ ಮೊದಲಿಗ. ಲಿಂಗಪೂಜೆ ಮುಗಿಯದೆ ನೀರೂ ಮುಟ್ಟದ ನಾನು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಜೇವರ್ಗಿಯ ಹೆದ್ದಾರಿ ಪಕ್ಕದ ಸಣ್ಣ ಕಂಪ್ಯೂಟರ್ ಕಚೇರಿಯೊಂದರಲ್ಲಿ ಹಿರಿಯ ನೌಕರನಾಗಿದ್ದೆ. ಹಿರಿಯ ಎಂದರೆ, ಅಲ್ಲಿದ್ದ ನೌಕರರು ಇಬ್ಬರೇ. ಇನ್ನೊಬ್ಬಳು ಕೊಳಕೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ನಾಗಮ್ಮ. ಮೂರು ತಿಂಗಳಲ್ಲಿ ಕೆಲಸ ಕಾಯಂ ಆಗದಿದ್ದರೆ ಮನೆಯಲ್ಲೇ ಇರಬೇಕೆಂದು ಅವಳ ತಂದೆ ಹೇಳಿಬಿಟ್ಟಿದ್ದರು. ಅದು ನನಗೂ ಗೊತ್ತಿತ್ತು.

ದೂರದ ಕಂಪನಿಯೊಂದು ತನ್ನ ತಂತ್ರಾಂಶವನ್ನು ಸಿಡಿಯಲ್ಲಿ ನಮಗೆ ಕಳಿಸುತ್ತಿತ್ತು. ದೊಡ್ಡ ಸಂಸ್ಥೆಗಳಿಗಾಗಿ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವವರಿಗೆ ಅದು ಹೊಸ ಪ್ರಾಜೆಕ್ಟಿನ ಚೌಕಟ್ಟನ್ನು, ಎಂದರೆ ಅದಕ್ಕೆ ಬೇಕಾದ ಕಡತಗಳನ್ನು, ತಾನೇ ಕಟ್ಟಿಕೊಡಬೇಕು. ಕಟ್ಟುತ್ತದೋ ಇಲ್ಲವೋ ನೋಡಿ ಬರೆಯುವುದಷ್ಟೇ ನಮ್ಮ ಕೆಲಸ. ಪ್ರತಿ ಸಿಡಿ ಬಂದಾಗಲೂ ಹಳೆಯದನ್ನೆಲ್ಲ ಅಳಿಸಿ ಮೊದಲಿನಿಂದ ಮಾಡಬೇಕೆಂದು ಸೂಚನೆಯ ಹಾಳೆಯಲ್ಲಿ ಬರೆದಿತ್ತು.

ಮೊದಲ ಸಿಡಿ ಬಂದದ್ದು ಸೋಮವಾರ. ಸುಮ್ಮನೆ ಶುರು ಮಾಡಲು ಮನಸ್ಸು ಬರಲಿಲ್ಲ. ನನ್ನ ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಮೊದಲ ಪ್ರಾಜೆಕ್ಟಿಗೆ ಶಿವ ಎಂದು ಹೆಸರಿಟ್ಟೆ. ಕಾಯಿನೀರು ಕೀಲಿಮಣೆಗೆ ಸಿಡಿದು ಒಂದು ಅಕ್ಷರ ಎರಡು ವಾರ ಮುನಿಸಿಕೊಂಡಿತ್ತು, ಆ ಮಾತು ಬಿಡಿ. ಎರಡನೇ ಸಿಡಿ ಬಂದಾಗ ಶಿವನನ್ನು ಅಳಿಸಹೋದೆ. ನಿಜವಾಗಿಯೂ ಅಳಿಸಬೇಕೇ ಎಂದು ಕಂಪ್ಯೂಟರು ಕೇಳಿತು. ಪೂಜೆ ಮಾಡಿದ ಕೈಯಿಂದ ಹೌದೆನ್ನಲು ನನಗಾಗಲಿಲ್ಲ. ಉಳಿದದ್ದನ್ನೆಲ್ಲ ಅಳಿಸಿ ಶಿವನನ್ನು ಬಿಟ್ಟೆ. ವರದಿಯ ಹಾಳೆಯಲ್ಲಿ ಮಾತ್ರ 'ಎಲ್ಲ ಅಳಿಸಿದೆ' ಎಂದು ಬರೆದೆ.

ಹೊಸ ಸಿಡಿ ನನ್ನ ಕಂಪ್ಯೂಟರಿನಲ್ಲಿ ಸಲೀಸಾಗಿ ನಡೆಯಿತು, ಎಲ್ಲ ಅಳಿಸಿದ್ದ ನಾಗಮ್ಮನದರಲ್ಲಿ ಅರ್ಧಕ್ಕೇ ನಿಂತಿತು.

"ಸರ್, ಇದು ಆಗವಲ್ದ್ರಿ. ಮೂರು ಸಲ ಮಾಡಿ ನೋಡೇನಿ," ಎಂದಳು.

"ನಂದ್ರಾಗ ಆಗಾಕತ್ತೈತಲ್ಲ? ನೀನೇ ಏನರೆ ತಪ್ಪು ಮಾಡಿರ್ತಿ ನೋಡು," ಎಂದೆ.

ತಂತ್ರಾಂಶ ಸರಿಯಿದೆ, ನಾಗಮ್ಮನಿಗೆ ಶ್ರದ್ಧೆ ಸಾಲದು ಎಂದು ವರದಿ ಕೊಟ್ಟೆ. ನಮ್ಮ ಮಾಲೀಕ ಮಲ್ಲಣ್ಣ ಸಾಹುಕಾರರು ಅದನ್ನು ಓದಿ, ನಾಳೆಯಿಂದ ಬರಬೇಡವೆಂದು ಅವಳಿಗೆ ಹೇಳಿದರು. ಅವಳು ಊಟದ ಡಬ್ಬಿ ತೆಗೆದುಕೊಂಡು ಹೋದಳು. ನನಗೆ ಕೆಟ್ಟದೆನಿಸಿತು, ಆದರೆ ಅನ್ನ ಸೇರದಷ್ಟೇನೂ ಅಲ್ಲ.

ವಾರದೊಳಗೆ ಕಂಪನಿಯಿಂದ ಫೋನು ಬಂತು. ಎಲ್ಲ ಕಡೆಯೂ ಪ್ರಾಜೆಕ್ಟು ಅರ್ಧಕ್ಕೇ ನಿಲ್ಲುತ್ತಿದೆಯಂತೆ, ಹೊಸ ಸಿಡಿಯಲ್ಲಿ ಕೆಲವು ಕಡತಗಳೇ ಇಲ್ಲವಂತೆ. ಹಾಗಾದರೆ ನಮ್ಮಲ್ಲಿ ಹೇಗೆ ನಡೆಯಿತು? ಇಲ್ಲದ ಕಡತಗಳನ್ನು ಅದು ನಾನು ಅಳಿಸದೆ ಬಿಟ್ಟಿದ್ದ ಶಿವನಿಂದ ತೆಗೆದುಕೊಂಡಿತ್ತು.

"ಎಲ್ಲಾ ಅಳಸಿದ್ಯೋ ಇಲ್ಲೋ?" ಎಂದರು ಸಾಹುಕಾರರು.

"ಒಂದು ಬಿಟ್ಟು, ಸಾಹುಕಾರ್ರ," ಎಂದೆ. ನನಗೆ ನಾಚಿಕೆಯಾಯಿತು.

ಅವರು ಬೈಯಲಿಲ್ಲ. ಆ ಹುಡುಗಿಯನ್ನು ನೀನೇ ಹೋಗಿ ಕರೆದುಕೊಂಡು ಬಾ ಎಂದರು. ಕೊಳಕೂರಿನಲ್ಲಿ ನಾಗಮ್ಮ ಅಂಗಳದಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಅವಳ ತಂದೆ. ಇಬ್ಬರೂ ಕೇಳುವಂತೆ ನಡೆದದ್ದನ್ನೆಲ್ಲ ಹೇಳಿದೆ. ದೇವರ ಹೆಸರು, ಕೈ ಬರಲಿಲ್ಲವಮ್ಮ ಎಂದೂ ಸೇರಿಸಿದೆ. ಅದಕ್ಕಾದರೂ ಸ್ವಲ್ಪ ಕರುಣೆ ಸಿಕ್ಕೀತೆಂಬ ಆಸೆ.

ಅವಳು ಮೊರ ಕೆಳಗಿಟ್ಟಳು. "ಶಿವನ ಹೆಸರು ಅಂದ್ರ ನಾನೂ ಅಳಸ್ತಿರಲಿಲ್ರಿ ಸರ್. ಆದ್ರ ಅಳಸೇನಿ ಅಂತ ಹಾಳ್ಯಾಗ ಬರೀತಿರಲಿಲ್ರಿ."

ಅವಳ ತಂದೆ ನನ್ನನ್ನು ಒಮ್ಮೆ ನೋಡಿ, "ಹೋಗು ಬೇ, ನಾಳಿಂದ ಹೋಗು," ಎಂದರು.

ನಾಗಮ್ಮನ ಕೆಲಸ ಕಾಯಂ ಆಯಿತು. ಜೊತೆಗೆ, ಅವಳ ಸಹಿಯಿಲ್ಲದೆ ನನ್ನ ವರದಿ ಕಚೇರಿಯಿಂದ ಹೊರಗೆ ಹೋಗಬಾರದೆಂದು ಸಾಹುಕಾರರು ಹೇಳಿದರು. ನಾನು ಹಾಳೆ ಹಿಡಿದು ಅವಳ ಮೇಜಿನ ಮುಂದೆ ನಿಲ್ಲುತ್ತಿದ್ದೆ. ಅವಳು ತಲೆ ಎತ್ತದೆ, "ಎಲ್ಲಾ ಅಳಸೀರಿ ಹೌದಿಲ್ರಿ?" ಎನ್ನುತ್ತಿದ್ದಳು. "ಹೌದ್ರಿ," ಎನ್ನುತ್ತಿದ್ದೆ. ಆಗ ನನ್ನ ದನಿಗೆ ಬರುತ್ತಿದ್ದ ಭಯಭಕ್ತಿ, ಪೂಜೆಗೆ ಕುಳಿತಾಗ ಒಂದು ದಿನವೂ ಬಂದದ್ದಿಲ್ಲ.