ಬೀಗಕ್ಕೂ ಬಿಡುವು ಸಿಕ್ಕ ಹಬ್ಬ

ಆಯುಧಪೂಜೆ ನಗೆಪಾಟಲಾಗದೆ ಮುಗಿದ ವರ್ಷ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಸಂತೆಬಾಚಹಳ್ಳಿಯ ಕಮ್ಮಾರರ ಮನೆ ನಮ್ಮದು. ಸುಲ್ತಾನರ ಕಾಲ, ಸವಾರರ ಕುದುರೆಗಳಿಗೆ ಲಾಳ ಬಡಿದು ಬಡಿದು ವರ್ಷವಿಡೀ ಕುಲುಮೆ ಆರುತ್ತಿರಲಿಲ್ಲ. ಅದಕ್ಕೇ ತಾತನಿಗೊಂದು ಹಟ: ಆ ಒಂದು ದಿನ ಮನೆಯ ಕಬ್ಬಿಣವೆಲ್ಲ ಮಲಗಬೇಕು. ಕುಂಕುಮ ಇಟ್ಟ ಮೇಲೆ ಮರುದಿನ ಬೆಳಗಿನ ತನಕ ಯಾರೂ ಮುಟ್ಟುವಂತಿಲ್ಲ. ಸಣ್ಣತ್ತೆಯ ಮದುವೆಯಾದ ವರ್ಷವಂತೂ ನೆನೆದರೆ ಈಗಲೂ ನಗು ಬರುತ್ತದೆ.

೧. ದಣಿದ ಕತ್ತಿ

ಅಂದು ಬೆಳಗ್ಗೆ ಪಟ್ಟಣಕ್ಕೆ ಹೊರಟಿದ್ದ ಸವಾರನೊಬ್ಬ ಲಾಳ ಕಳಚಿದ ಕುದುರೆ ನಡೆಸಿಕೊಂಡು ಬಂದ. "ಬಾಬಾ, ಜಲ್ದಿ ಲಾಳ ಹೊಡಿ" ಎಂದ.

"ಸುತ್ತಿಗೆ ಮಲಗೈತೆ. ನಾಳೆ ನೋಡಾನ ಸಾಯೇಬ್ರೆ."

"ಸುತ್ತಿಗೆ ಮಲಗ್ತದಾ?" ಎಂದು ಅವನು ಕತ್ತಿಯ ಹಿಡಿಗೆ ಕೈ ಹಾಕಿದ.

ತಾತನ ಕಣ್ಣು ಅದರ ಮೇಲೆ ಬಿತ್ತು. "ಅಯ್ಯೋ ಪಾಪ, ಇದ್ಕೂ ದಣಿವಾಗೈತೆ, ಕೊಡಿ ಇಲ್ಲಿ" ಎಂದು ಕತ್ತಿ ಬಿಚ್ಚಿಸಿಕೊಂಡು, ಸುತ್ತಿಗೆ ಪಕ್ಕ ಮಲಗಿಸಿ ಕುಂಕುಮ ಇಟ್ಟೇಬಿಟ್ಟ. ಕತ್ತಿಯಿಲ್ಲದೆ ಸವಾರ ಎಲ್ಲಿಗೆ ಹೋದಾನು? ಜಗಲಿಯ ಮೇಲೆ ಕೂತ. ಅಡುಗೆಮನೆಯ ಘಮ ಮೂಗಿಗೆ ಬಡಿದ ಮೇಲೆ ಮೆಲ್ಲಗೆ, "ಬಾಬಾ, ನಾಳೆನೂ ಮಲಗ್ತದಾ ಇದು?" ಎಂದು ಕೇಳಿದ.

೨. ಅಳಿಯನ ಶಾಸ್ತ್ರ

ಸಣ್ಣತ್ತೆಯ ಗಂಡ ನಾಗಮಂಗಲದ ಬಡಗಿ. ಮದುವೆಯಾದ ಮೇಲೆ ಅದೇ ಮೊದಲ ಹಬ್ಬ. ಹೊಸ ಅಳಿಯ 'ಸಾಕು' ಅನ್ನಬೇಕು, ಅತ್ತೆಮನೆಯವರು ಬಲವಂತ ಮಾಡಬೇಕು. ಊರಿಗೆಲ್ಲ ಗೊತ್ತಿರುವ ಶಾಸ್ತ್ರ. ನಮ್ಮ ತಾತನಿಗೆ ಮಾತ್ರ ಗೊತ್ತಿರಲಿಲ್ಲ.

ಈಳಿಗೆಮಣೆಯಿಂದ ಹಿಡಿದು ಸಟ್ಟುಗದವರೆಗೆ ಎಲ್ಲವನ್ನೂ ಪೂಜೆಗೆ ಕಳಕೊಂಡ ಅಜ್ಜಿ, ಮಡಕೆಯಲ್ಲೇ ಹೇಗೋ ಬೇಯಿಸಿ ಬಡಿಸಲು ಬಂದಳು. ಎಲೆಗೆ ಒಂದು ಹಿಡಿ ಬಿದ್ದೊಡನೆ ಅಳಿಯ ಕೈ ಅಡ್ಡ ಹಿಡಿದು "ಸಾಕು, ಸಾಕು" ಎಂದ.

"ಸಾಕು ಅಂತಾವ್ರಲ್ಲ, ಬುಡು. ಗಂಡಸಿನ ಮಾತು ಒಂದೇ ಕಣೇ" ಎಂದು ತಾತ ಅಜ್ಜಿಯನ್ನು ತಡೆದ.

ಬಾಗಿಲಾಚೆ ಜಗಲಿಯಲ್ಲಿ ಸವಾರ ಮತ್ತೆ ಮತ್ತೆ ಬಡಿಸಿಕೊಂಡ. ಅಳಿಯ ಅದನ್ನೇ ನೋಡುತ್ತಾ ನೀರು ಕುಡಿದ.

೩. ಕಜ್ಜಾಯದ ಪೆಟ್ಟಿಗೆ

"ಅಳಿಯ ಹಸ್ಕೊಂಡು ಹೋದ ಅಂದ್ರೆ ನಾಗಮಂಗಲದಲ್ಲಿ ನಮ್ ಮಾನ ಉಳೀತದಾ?" ಎಂದು ಅಜ್ಜಿ ಒದ್ದಾಡಿದಳು. ಸಣ್ಣತ್ತೆಯ ಮುಖ ಬಾಡಿತ್ತು. ಉಳಿದ ಆಸೆಯೆಂದರೆ ಕಜ್ಜಾಯ. ಹಿಂದಿನ ದಿನವೇ ಕರಿದು, ಮಕ್ಕಳಾದ ನಮಗೆ ಸಿಗದಂತೆ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು. ಮದುವೆಗೆ ಅಳಿಯನೇ ಮಾಡಿಕೊಟ್ಟ ಪೆಟ್ಟಿಗೆ ಅದು. ಆದರೆ ಬೀಗದ ಕೈ ಕಬ್ಬಿಣದ್ದು; ಅದೂ ಪೂಜೆಯಲ್ಲಿ ಮಲಗಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ.

ಸಂಜೆಯವರೆಗೆ ಗೋಗರೆದು ಸೋತ ಅಜ್ಜಿ ಕೊನೆಗೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಎಲ್ಲಾ ಕಬ್ಬಿಣಕ್ಕೂ ಬಿಡುವು ಕೊಟ್ರಿ. ಬೀಗ ಏನ್ ಪಾಪ ಮಾಡಿತ್ತು? ಬೆಳಗ್ಗಿಂದ ಬಾಯಿ ಕಚ್ಕೊಂಡು ದುಡೀತಾ ಐತಲ್ಲ!"

ತಾತ ಬೆಚ್ಚಿಬಿದ್ದ. "ಅಯ್ಯೋ, ಅಪಚಾರ ಆಗೋಯ್ತಲ್ಲೇ!" ದೇವರಿಗೆ ಅಡ್ಡಬಿದ್ದು, ಬೀಗದ ಕೈಯನ್ನು ಮೆಲ್ಲಗೆ ಎಬ್ಬಿಸಿ, ಬೀಗ ತೆಗೆದು ಅದಕ್ಕೂ ಕುಂಕುಮವಿಟ್ಟು ಮಲಗಿಸಿದ. ಮುಚ್ಚಳ ಎತ್ತಿದರೆ ಪೆಟ್ಟಿಗೆ ಅರ್ಧ ಖಾಲಿ!

"ನಾವಲ್ಲ!" ಎಂದು ಮಕ್ಕಳೆಲ್ಲ ಕೂಗಿದೆವು. ನಿಜಕ್ಕೂ ನಾವಲ್ಲ. ಅಳಿಯನ ಮೀಸೆ ತುಪ್ಪದಲ್ಲಿ ಮಿನುಗುತ್ತಿತ್ತು. ತಾತ ಪೆಟ್ಟಿಗೆ ತಿರುಗಿಸಿ ನೋಡಿದ. ಹಿಂದಿನ ಹಲಗೆಯ ಬೆಣೆಗಳು ಸಡಿಲವಾಗಿದ್ದವು.

"ಕಬ್ಬಿಣ ಮುಟ್ನಿಲ್ಲ ಮಾವ," ಎಂದ ಅಳಿಯ, ನೆಲ ನೋಡುತ್ತಾ. "ಎಲ್ಲಾ ಮರದ ಬೆಣೆ."

ಸಣ್ಣತ್ತೆ ನಕ್ಕಳು, ಜಗಲಿಯ ಸವಾರನೂ ನಕ್ಕ. ಅಜ್ಜಿಗಂತೂ ಹೋದ ಜೀವ ಬಂದಂತಾಯಿತು. ಎಲ್ಲರಿಗೂ ಕಜ್ಜಾಯ ಹಂಚಿ, ಅಳಿಯನ ಮುಂದೆಯೂ ಹಿಡಿದಳು. ಅವನು ಹೊಟ್ಟೆ ಸವರಿಕೊಂಡು "ಸಾಕು" ಎಂದ.

"ಬುಡು," ಎಂದ ತಾತ. "ಈಗ ನಿಜ ಯೋಳ್ತಾವ್ರೆ."