ಅರ್ಧ ಮನೆಯಲ್ಲಿ ಹಾಲುಕ್ಕಿಸಿದ್ದು

ಹಳೆಯದರ ಮೇಲೆ ಅಭಿಮಾನ ಹುಟ್ಟುವುದು ಹೊಸದರಲ್ಲಿ ಸುಖವಾಗಿರುವವರಿಗೆ ಮಾತ್ರ. ಶಿಕಾಗೋ ಬಳಿಯ ಲಿಸ್ಲ್‌ನಲ್ಲಿ, ಹೊಸ ಮನೆಗಳ ಬಡಾವಣೆಯಲ್ಲಿ ಏಸಿ ಹಾಕಿಕೊಂಡು ಕೂತಿದ್ದ ನನಗೂ ಅದು ಹುಟ್ಟಿತು. ಶಿಕಾಗೋದ ನೈಋತ್ಯಕ್ಕೆ, ಎಂದೋ ಮುಚ್ಚಿಹೋದ ಕಲ್ಲಿದ್ದಲ ಗಣಿಯ ಊರಿನಲ್ಲಿ ಕಾರ್ಮಿಕರಿಗೆಂದು ಕಟ್ಟಿದ ಜೋಡಿಮನೆಗಳಿವೆ. ಒಂದೇ ಸೂರು, ಒಂದೇ ಚಿಮಣಿ, ಒಂದೇ ಜಗಲಿ. ನಡುವೆ ಗೋಡೆ ಎಳೆದು ಆಚೆಗೊಂದು, ಈಚೆಗೊಂದು ಸಂಸಾರ. ಅಂಥದ್ದರ ಅರ್ಧವನ್ನು ಮನೆ ಏಜೆಂಟ್ ಒಬ್ಬನ ಮೂಲಕ ಕೊಂಡು, "ಇದು ವಾಸ್ತುಶಿಲ್ಪ, ಶೋಭಾ!" ಎಂದು ಹೆಂಡತಿಗೆ ತೋರಿಸಿದೆ.

"ಏನ್ರೀ, ಇಡೀ ಅಮೆರಿಕದಲ್ಲಿ ನಿಮಗೆ ಒಂದು ಪೂರ್ತಿ ಮನೆ ಸಿಗಲಿಲ್ವಾ? ಒಂದು ವಿಂಟರ್ ನೋಡ್ತೀನಿ. ಆಗಲ್ಲ ಅಂದ್ರೆ ವಾಪಸ್ ಲಿಸ್ಲ್‌ಗೆ ಅಷ್ಟೇ," ಎಂದಳು. ಅವಳನ್ನು ಒಪ್ಪಿಸುವುದೇ ನನ್ನ ಜೀವನದ ಗುರಿಯಾಯಿತು. ಬಣ್ಣ ಬಳಿಸುವ ನೆಪದಲ್ಲಿ ವಾರವಿಡೀ ಅಲ್ಲೇ ಕೂತು ಆಫೀಸಿನ ಕೆಲಸ ಮಾಡುತ್ತ, ಪೂರ್ವಜರು ಕಟ್ಟಿಸಿದ ಅರಮನೆಯಲ್ಲಿದ್ದವನಂತೆ ಓಡಾಡಿದೆ. ಪೂರ್ವಜರೇನೋ ನನ್ನವರಲ್ಲ, ಇರಲಿ. ಕೆಳಗಿನ ಗಣಿ ಕುಸಿದು ಮನೆ ಪೂರ್ವಕ್ಕೆ ಕೊಂಚ ವಾಲಿತ್ತು. ಕೈತಪ್ಪಿ ಬಿದ್ದ ನಿಂಬೆಹಣ್ಣು ತಾನಾಗಿ ಉರುಳಿ ನಡುಗೋಡೆ ಸೇರುತ್ತಿತ್ತು. ಇದನ್ನು ನಾನು ಮನೆಯ ವ್ಯಕ್ತಿತ್ವ ಎಂದು ಕರೆದೆ. ಶೋಭಾ ಕರೆದದ್ದನ್ನು ಇಲ್ಲಿ ಬರೆಯಲಾಗದು.

ಗೃಹಪ್ರವೇಶಕ್ಕೆ ಗ್ಲೆಂಡೇಲ್ ಹೈಟ್ಸ್‌ನಿಂದ ಅವಳ ದೊಡ್ಡಮ್ಮ ಬಂದರು. "ಹಾಲು ಪೂರ್ವಕ್ಕೇ ಉಕ್ಕಬೇಕು ಕಣಪ್ಪಾ," ಎಂದರು. "ಯೋಚನೆ ಮಾಡ್ಬೇಡಿ ದೊಡ್ಡಮ್ಮ, ಮನೆಯೇ ಪೂರ್ವಕ್ಕೆ ಬಗ್ಗಿದೆ," ಎಂದು ನೆಲದ ಮೇಲೆ ಕರೆಂಟ್ ಒಲೆಯಿಟ್ಟು, ಪಾತ್ರೆಯ ಕಂಠದವರೆಗೆ ಹಾಲು ಸುರಿದೆ. ಹಾಲು ಉಕ್ಕಿತು, ಪೂರ್ವಕ್ಕೇ ಉಕ್ಕಿತು. ಹಾಗೇ ಹರಿದು ನಡುಗೋಡೆಯ ಬುಡದ ಸಂದಿಯಲ್ಲಿ ನುಸುಳಿ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಪಕ್ಕದ ಅರ್ಧದ ಮುದುಕಿ ಮಾರ್ಥಾ, ಕೈಯಲ್ಲಿ ನೆಲ ಒರೆಸುವ ಮಾಪು ಹಿಡಿದು ನಿಂತಿದ್ದರು.

"ಅಯ್ಯೋ, ನಮ್ಮ ಲಕ್ಷ್ಮಿ ಪಕ್ಕದ ಮನೆಗೆ ಹೋದ್ಲಲ್ಲೇ!" ಎಂದು ದೊಡ್ಡಮ್ಮ ಹಣೆ ಚಚ್ಚಿಕೊಂಡರು.

ಕ್ಷಮೆ ಕೇಳಲು ಶೋಭಾ ಪಾಯಸದ ಡಬ್ಬಿ ಹಿಡಿದು ಹೋದವಳು ಸಂಜೆಗೆ ಬಂದಳು. ಈ ಮನೆಯ ಕತೆ ಮುಗಿಯಿತೆಂದೇ ತಿಳಿದಿದ್ದೆ. ಅವಳ ಮುಖದಲ್ಲಿ ಅಪರೂಪದ ಕಳೆಯಿತ್ತು.

"ಎಂಥಾ ಒಳ್ಳೆ ಮನೇರಿ ಇದು! ಆ ಗೋಡೆ ಬರೀ ಹಲಗೆಯಂತೆ. ಆಂಟಿಗೆ ಎಲ್ಲಾ ಕೇಳಿಸುತ್ತಂತೆ. ಫೋನ್‌ನಲ್ಲಿ ಇಡೀ ದಿನ ಸಾರಿ, ಸಾರಿ ಅಂತಿರ್ತಾನಲ್ಲ, ಆ ಪಾಪದ ಹುಡುಗ ಯಾರು ಅಂತ ಕೇಳಿದ್ರು. ನನ್ನ ಗಂಡ ಅಂದೆ, ನಂಬಲೇ ಇಲ್ಲ. ಆಮೇಲೆ, 'ನನ್ನ ಹೆಂಡತಿದು ಬರೀ ಬಾಯಿ, ಒಂದು ತಿಂಗಳಲ್ಲಿ ಸುಮ್ಮನಾಗ್ತಾಳೆ' ಅಂತ ನೀವು ಏಜೆಂಟ್ ಹತ್ರ ಹೇಳಿದ್ರಂತೆ?"

ನಾನು ಗೋಡೆ ನೋಡಿದೆ. ಗೋಡೆಯಾಚೆ ಯಾರೋ ಕೆಮ್ಮಿದರು.

"ಈ ಮನೆ ಬಿಟ್ಟು ನಾನೆಲ್ಲೂ ಬರಲ್ಲ," ಎಂದಳು ಶೋಭಾ.

ಗೆದ್ದೆ. ಈಗ ದಿನವೂ ಕಾರಿನಲ್ಲಿ ಕೂತು, ಗಾಜು ಏರಿಸಿಕೊಂಡು, ಸುತ್ತ ನಾಲ್ಕೂ ಕಡೆ ಹುಲ್ಲಿರುವ ಹೊಸ ಮನೆ ಎಲ್ಲಾದರೂ ಇದೆಯೇ ಎಂದು ಅದೇ ಏಜೆಂಟನ್ನು ಪಿಸುಮಾತಿನಲ್ಲಿ ಕೇಳುತ್ತಿರುತ್ತೇನೆ.