ಈ ಮಾತನ್ನು ಯಾರು, ಯಾರಿಗೆ ಹೇಳಿದರು?

ಒಂಬತ್ತನೇ ತರಗತಿ. ಕುರ್ಚಿಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು, ಬಾಗಿಲಲ್ಲಿ ಬೆವರುತ್ತ ನಿಂತ ಹೆಡ್‌ಮಾಸ್ಟರು, ಕರಿಹಲಗೆಯ ಪಕ್ಕ ನಾನು. ಸಾಹೇಬರು ನನ್ನ ಮೇಲೆ ಗುಡುಗಿದರು. ಅಷ್ಟರಲ್ಲಿ ಒಬ್ಬಳು ಹುಡುಗಿ ಕೈ ಎತ್ತಿ ಎದ್ದು ನಿಂತಳು. ಏನಾಗಿರಬಹುದು, ಊಹಿಸಿ ನೋಡೋಣ? ಊಹೂಂ, ಅದಲ್ಲ. ಅದೂ ಅಲ್ಲ. ನೀವು ಸಂಜೆವರೆಗೆ ಕೂತು ಯೋಚಿಸಿದರೂ ಹೊಳೆಯುವುದಿಲ್ಲ ಬಿಡಿ. ಎದುರಿಗೇ ನಿಂತಿದ್ದ ನನಗೇ ಹೊಳೆದಿರಲಿಲ್ಲ. ಮಕ್ಕಳಿಗೆ ಓದಿ ಅರ್ಥ ಮಾಡಿಕೊಳ್ಳುವುದನ್ನು ಕಲಿಸಲು ಹೊರಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ಕಲಿಸದೆ ಸುಮ್ಮನಿದ್ದವರಿಗೆ ಏನೂ ಆಗುವುದಿಲ್ಲ, ನಾನು ನೋಡಿದ್ದೇನೆ.

ಮೊದಲಿಂದ ಹೇಳುತ್ತೇನೆ. ಅರವತ್ತರ ದಶಕದ ಮಾತು. ಬಿ.ಎ. ಮುಗಿಸಿ ಕನ್ನಡ ಮೇಷ್ಟ್ರಾದೆ, ಆದರೆ ಹಂಗಾಮಿ. ಯಾರಾದರೂ ರಜೆ ಹಾಕಿದರೆ ಅವರ ಜಾಗದಲ್ಲಿ ಹೋಗಿ ಪಾಠ ಮಾಡುವುದು, ಅವರು ವಾಪಸ್ ಬಂದ ಕೂಡಲೇ ಟ್ರಂಕು ಎತ್ತಿಕೊಂಡು ಬಸ್ಸು ಹತ್ತುವುದು. ಈ ನಡುವೆ ಸಾಗರದಲ್ಲಿ ಒಂದು ಹುಡುಗಿಯನ್ನು ನೋಡಿ ಒಪ್ಪಿದ್ದೆ. ಆಶ್ಚರ್ಯವೆಂದರೆ ಅವಳೂ ಒಪ್ಪಿದ್ದಳು. ಅವಳ ಅಪ್ಪ ಮಾತ್ರ ಕಾಫಿ ಕೊಟ್ಟು ಹೇಳಿದರು: "ಅಲ್ಲ ಮೇಷ್ಟ್ರೇ, ಹಂಗಾಮಿ ಮೇಷ್ಟ್ರಿಗೆ ಹುಡುಗೀನೂ ಹಂಗಾಮಿಯಾಗಿ ಕೊಡೋಕಾಗ್ತದಾ? ಖಾಯಂ ಆಗಿ ಬನ್ನಿ, ಖಾಯಂ ಆಗಿ ಕೊಡ್ತೀನಿ."

ಖಾಯಂ ಆಗಬೇಕಾದರೆ ಇನ್ಸ್‌ಪೆಕ್ಟರ್ ಸಾಹೇಬರು ತರಗತಿಗೆ ಬಂದು ನೋಡಿ ಒಳ್ಳೆಯ ಮಾತು ಬರೆಯಬೇಕು. ಹಾಗಾಗಿ ನನ್ನ ನೌಕರಿ, ನನ್ನ ಮದುವೆ ಎರಡೂ ಮಕ್ಕಳ ಬಾಯಲ್ಲಿದ್ದವು. ಆ ಬಾಯಿಂದ ಏನೇನು ಬಂತು ಕೇಳಿ.

ಸ್ವಂತ ಮಾತು

ಮೊದಲು ಸಿಕ್ಕಿದ್ದು ತೀರ್ಥಹಳ್ಳಿ. ಹೋದ ಮೊದಲ ವಾರವೇ ಹುಮ್ಮಸ್ಸಿನಿಂದ ಒಂದು ಪರೀಕ್ಷೆ ಇಟ್ಟೆ. "ಈ ಪದ್ಯದ ಭಾವಾರ್ಥವನ್ನು ನಿಮ್ಮ ಸ್ವಂತ ಮಾತಿನಲ್ಲಿ ಬರೆಯಿರಿ." ಅಷ್ಟೇ ಪ್ರಶ್ನೆ.

ರೂಮಿಗೆ ಬಂದು ಒಂದು ಪೇಪರು ನೋಡಿದೆ. ಆಹಾ, ಎಂಥ ಕನ್ನಡ! "ಕವಿಯು ಇಲ್ಲಿ ಪ್ರಕೃತಿಯ ರಮಣೀಯತೆಯನ್ನು ಮನೋಜ್ಞವಾಗಿ ಚಿತ್ರಿಸಿದ್ದಾನೆ." ಎರಡನೆಯದು ನೋಡಿದೆ. ಅಲ್ಲೂ ರಮಣೀಯತೆ, ಅಲ್ಲೂ ಮನೋಜ್ಞ. ಇಡೀ ಕಟ್ಟು ಹಾಗೇ. ಒಬ್ಬ ಮಾತ್ರ 'ಮನೋಜ್ಞ' ಅನ್ನುವಲ್ಲಿ 'ಮನೆ ಯಜ್ಞ' ಅಂತ ಬರೆದಿದ್ದ.

ಮರುದಿನ ಕಟ್ಟನ್ನು ಮೇಜಿನ ಮೇಲೆ ಕುಕ್ಕಿ ಕೇಳಿದೆ: "ಏನ್ರೋ ಇದು? ಸ್ವಂತ ಮಾತಲ್ಲಿ ಬರೀರಿ ಅಂದ್ರೆ ಎಲ್ರೂ ಒಂದೇ ಬರೆದಿದ್ದೀರಲ್ಲ!"

ಮಾನಿಟರ್ ಎದ್ದು ನಿಂತ. ಮುಖದಲ್ಲಿ ನಿಜವಾದ ನೋವು. "ಅದು ನಮ್ಮ ಸ್ವಂತ ಮಾತೇ ಸಾರ್. ಮೊದಲಿನ ಮೇಷ್ಟ್ರು ಬೋರ್ಡ್ ಮೇಲೆ ಬರೆದುಕೊಟ್ಟು, ಇದು ನಿಮ್ಮ ಸ್ವಂತ ಮಾತು, ಬಾಯಿಪಾಠ ಮಾಡಿ ಅಂದಿದ್ರು."

ಹೊಳೆ ಎಲ್ಲಿಗೆ ಬಂತು?

ಮುಂದೆ ಸಾಗರ. ಬರೆದುಕೊಟ್ಟದ್ದನ್ನೇ ಒಪ್ಪಿಸುವ ಚಟ ಬಿಡಿಸಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲದ ನಾಲ್ಕು ಸಾಲು ನಾನೇ ಬರೆದೆ. 'ಗುಡ್ಡದಲ್ಲಿ ಹುಟ್ಟಿದ ಹೊಳೆ ಎಷ್ಟೇ ಸುತ್ತಿ ಬಳಸಿದರೂ ಕೊನೆಗೆ ಸಾಗರವನ್ನು ಸೇರುತ್ತದೆ' ಎಂಬುದು ಕೊನೆಯ ಸಾಲು. ಸಮುದ್ರ ಅಂತ ಬರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತೋ! ಕಾವ್ಯ ಆಗಲಿ ಅಂತ ಸಾಗರ ಎಂದು ಬರೆದೆ.

"ಹೊಳೆ ಕೊನೆಗೆ ಎಲ್ಲಿಗೆ ಬರುತ್ತೆ?" ಎಂದು ಕೇಳಿದೆ.

ಹಿಂದಿನ ಬೆಂಚಿನಿಂದ ಒಬ್ಬ ಕೂತಲ್ಲಿಂದಲೇ ಅಂದ: "ಸಾಗರಕ್ಕೆ ಹೊಳೆ ಬರೋ ಹಾಗಿದ್ರೆ ನಮ್ಮಮ್ಮ ಬಾವಿಗೆ ಹೊಸ ಹಗ್ಗ ಯಾಕೆ ತರ್ಸಿದ್ಲು ಸಾರ್?"

ತರಗತಿಯೆಲ್ಲ ನಕ್ಕಿತು. ಸಾಗರ ಅಂದರೆ ನಮ್ಮ ಪೇಟೆಯಲ್ಲ, ಕಡಲು ಎಂದು ನಾನು ಬಿಡಿಸಿ ಹೇಳುತ್ತಿದ್ದಾಗ, ಆ ವರ್ಷವಷ್ಟೇ ಸೇರಿದ್ದ ಒಬ್ಬ ಹುಡುಗ ಮೆಲ್ಲಗೆ ಎದ್ದ. ಹೊಳೆಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆಯ ನೀರು ನಿಂತು ಅವನ ಊರು ಮುಳುಗಿತ್ತು.

"ಹೊಳೆ ಸಾಗರಕ್ಕೆ ಬರಲಿಲ್ಲ ಸಾರ್," ಎಂದ. "ನಮ್ಮನೆಗೆ ಬಂತು. ಸಾಗರಕ್ಕೆ ಬಂದದ್ದು ನಾವು."

ನಗು ಗಕ್ಕನೆ ನಿಂತಿತು. ಅವನು ನನ್ನ ಮುಖ ನೋಡಿ ಗಾಬರಿಯಾದ. "ತಪ್ಪಾಯ್ತಾ ಸಾರ್?"

"ಇಲ್ಲ ಮಾರಾಯ, ಸರಿಯಾಗೇ ಹೇಳಿದೆ. ಬರೆದವನಿಗೇ ಗೊತ್ತಿರಲಿಲ್ಲ."

ಹಿಂದಿನ ಬೆಂಚಿನವನಿಗೆ ಸುಮ್ಮನಿರಲು ಎಲ್ಲಿ ಬರುತ್ತದೆ? "ಹಾಗಾದ್ರೆ ತಪ್ಪು ಮಾಡಿದ್ದು ಹೊಳೆ ಸಾರ್. ಅದಕ್ಕೆ ಓದೋಕೆ ಬರಲ್ಲ." ಎಲ್ಲರಿಗಿಂತ ಮೊದಲು ನಕ್ಕವನು ಆ ಹೊಸ ಹುಡುಗನೇ.

ಹೆಡ್‌ಮಾಸ್ಟರ ಸಮಾನ ಧರ್ಮ

ಆಮೇಲೆ ಹೊಸನಗರ. ಈ ಸಲ ಖಾಲಿ ಜಾಗ, ವಾಪಸ್ ಬರುವವರು ಯಾರೂ ಇಲ್ಲ. ಇನ್ಸ್‌ಪೆಕ್ಷನ್ ಒಂದು ಚೆನ್ನಾಗಿ ಆದರೆ ನಾನು ಖಾಯಂ. ಹೆಡ್‌ಮಾಸ್ಟರು ಮೊದಲ ದಿನವೇ ಎಚ್ಚರಿಸಿದರು: "ನೋಡ್ರೀ, ಹೊಸದೇನೂ ಮಾಡೋಕೆ ಹೋಗ್ಬೇಡಿ."

ನಾನು ಕೇಳಬೇಕಲ್ಲ! ಉಪಮಾಲಂಕಾರ ಕಲಿಸುತ್ತಿದ್ದೆ. ಹೋಲಿಸುವ ಎರಡು ವಸ್ತುಗಳಲ್ಲೂ ಇರುವ ಗುಣಕ್ಕೆ ಸಮಾನ ಧರ್ಮ ಅನ್ನುತ್ತಾರೆ ಎಂದು ಹೇಳಿ, "ಮುಖ ಕಮಲದಂತಿದೆ ಅಂತೆಲ್ಲ ಬೇಡ. ನೀವು ದಿನಾ ನೋಡೋರ ಬಗ್ಗೆ ಒಂದು ಉಪಮೆ ಹೇಳಿ" ಅಂದೆ.

ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಎದ್ದಳು. "ನಮ್ಮ ಹೆಡ್‌ಮಾಸ್ಟರು ಹಲಸಿನ ಹಣ್ಣಿನಂತೆ ಇದ್ದಾರೆ."

ಅದೇ ಹೊತ್ತಿಗೆ ಹೆಡ್‌ಮಾಸ್ಟರು ಬಾಗಿಲಿಗೆ ಬರಬೇಕೇ! ಅವರು ಒಳಗೆ ಬಂದು, "ಸಮಾನ ಧರ್ಮ ಏನಮ್ಮ?" ಎಂದರು.

"ಹೊರಗೆ ಮುಳ್ಳು, ಒಳಗೆ ಸಿಹಿ ಸಾರ್."

ಅವರ ಮುಖ ಅರಳಿತು. ನನ್ನ ಕಡೆ ತಿರುಗಿ, "ಪರವಾಗಿಲ್ಲ ಕಣ್ರೀ, ಚೆನ್ನಾಗೇ ಕಲಿಸ್ತೀರಿ" ಎಂದು ಹೊರಟಿದ್ದರು. ಹುಡುಗಿ ಇನ್ನೂ ಕೂತಿರಲಿಲ್ಲ.

"ಇನ್ನೊಂದಿದೆ ಸಾರ್. ಒಂದು ಸಲ ಅಂಟಿಕೊಂಡ್ರೆ ಬಿಡಲ್ಲ."

ಸಂದರ್ಭ ಮತ್ತು ಸ್ವಾರಸ್ಯ

ಇನ್ನು ಆ ಇನ್ಸ್‌ಪೆಕ್ಷನ್. ನಮ್ಮ ಕನ್ನಡ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ, ನೀವೂ ಬರೆದೇ ಬಂದಿದ್ದೀರಿ. ಪಾಠದ ಒಂದು ಮಾತು ಕೊಟ್ಟು, ಇದನ್ನು ಯಾರು ಯಾರಿಗೆ ಹೇಳಿದರು, ಸಂದರ್ಭವೇನು, ಸ್ವಾರಸ್ಯವೇನು ಎಂದು ಕೇಳುವುದು. ಮಕ್ಕಳು ಸ್ವಾರಸ್ಯದ ಜಾಗದಲ್ಲಿ 'ಈ ಮಾತು ಬಹಳ ಸ್ವಾರಸ್ಯಕರವಾಗಿದೆ' ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಅದಕ್ಕೇ ನಾನು ಒಂದು ಆಟ ಹೂಡಿದ್ದೆ. ಪಾಠದ ನಡುವೆ ಇದ್ದಕ್ಕಿದ್ದಂತೆ ಒಂದು ಮಾತನ್ನು ಜೋರಾಗಿ ಹೇಳುವುದು. ಯಾರಾದರೂ ಎದ್ದು ಸಂದರ್ಭ, ಸ್ವಾರಸ್ಯ ಬಿಡಿಸಬೇಕು. "ಆಡಿದವರ ಬಾಯಿ ಮಾತ್ರ ನೋಡ್ಬೇಡಿ, ಮನಸ್ಸು ನೋಡಿ" ಎಂದು ದಿನಾ ಹೇಳುತ್ತಿದ್ದೆ.

ಸಾಹೇಬರು ಬಂದದ್ದು ಶನಿವಾರ, ಬೆಳಗಿನ ಸ್ಕೂಲು. ಪದ್ಯದ ಸಾರಾಂಶ ಕೇಳಿದರು. ಒಬ್ಬ ಎದ್ದು ತನಗೆ ತೋಚಿದ್ದು ಹೇಳಿದ. ಇನ್ನೊಬ್ಬಳು, "ನನಗೆ ಹಾಗೆ ಅನ್ನಿಸಲ್ಲ ಸಾರ್" ಎಂದಳು. ಮೂರನೆಯವನು, "ಇಬ್ಬರದ್ದೂ ಸರಿ, ಇದೇ ಅಂತ ಕವಿ ಎಲ್ಲೂ ಹೇಳಿಲ್ಲ" ಎಂದ. ಸಾಹೇಬರಿಗೆ ರೇಗಿತು. ನನ್ನ ಕಡೆ ತಿರುಗಿ ಗುಡುಗಿದರು:

"ಏನ್ರೀ ಮೇಷ್ಟ್ರೇ, ಇದೇನು ಪಾಠಾನೋ ಹರಟೇನೋ?"

ನನ್ನ ಕಣ್ಣ ಮುಂದೆ ಸಾಗರದ ಮಾವನವರು ಕಾಫಿ ಲೋಟ ಒಳಗೆ ತೆಗೆದುಕೊಂಡು ಹೋಗುವುದು ಕಾಣಿಸಿತು. ಆಗ ಎದ್ದು ನಿಂತಳು ನೋಡಿ, ಅದೇ ಎರಡು ಜಡೆಯವಳು. ಅವಳ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರು.

"ನಾನು ಹೇಳ್ಲಾ ಸಾರ್?"

"ಏನನ್ನ?" ಎಂದರು ಸಾಹೇಬರು.

ಅವಳು ಕೈಕಟ್ಟಿ ಶುರುಮಾಡಿಯೇಬಿಟ್ಟಳು. "'ಇದೇನು ಪಾಠಾನೋ ಹರಟೇನೋ' ಎಂಬ ಈ ಮಾತನ್ನು ಇನ್ಸ್‌ಪೆಕ್ಟರ್ ಸಾಹೇಬರು ನಮ್ಮ ಕನ್ನಡ ಮೇಷ್ಟ್ರಿಗೆ ಹೇಳಿದರು. ಸಂದರ್ಭ: ಹತ್ತೂ ಹತ್ತರ ಶಿವಮೊಗ್ಗ ಬಸ್ಸು ಮೊದಲನೇ ಹಾರ್ನ್ ಹೊಡೆದಾಗ. ಅದು ತಪ್ಪಿದರೆ ಮೂರು ಗಂಟೆಯವರೆಗೆ ಬೇರೆ ಬಸ್ಸಿಲ್ಲ. ಸ್ವಾರಸ್ಯ: ಸಾಹೇಬರು ಬಂದಾಗಿನಿಂದ ಐದು ಸಲ ವಾಚು ನೋಡಿದರು. ಮಾತು ಮೇಷ್ಟ್ರಿಗೆ, ಸಿಟ್ಟು ಬಸ್ಸಿನ ಮೇಲೆ ಎಂಬುದೇ ಇಲ್ಲಿಯ ಸ್ವಾರಸ್ಯ."

ಹೆಡ್‌ಮಾಸ್ಟರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಾನು ಹಿಡಿದುಕೊಳ್ಳಲು ಕರಿಹಲಗೆ ಬಿಟ್ಟರೆ ಏನೂ ಇರಲಿಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಇದು ಯಾವ ಗೈಡಲ್ಲಿದೆಯಮ್ಮ?"

"ಗೈಡಲ್ಲಿಲ್ಲ ಸಾರ್. ನಿಮ್ಮ ಮುಖದಲ್ಲೇ ಇತ್ತು."

ಮೊದಲು ಅವರ ಹೊಟ್ಟೆ ಅಲುಗಿತು, ಆಮೇಲೆ ಭುಜ, ಕೊನೆಗೆ ನಗು ಹೊರಗೆ ಬಂತು. ಕಣ್ಣೊರೆಸಿಕೊಂಡು ಆರಾಮಾಗಿ ಕುರ್ಚಿಗೆ ಒರಗಿದರು. "ಬಸ್ಸು ಹೋಗ್ಲಿ ಬಿಡಿ ಮೇಷ್ಟ್ರೇ, ಆ ಪದ್ಯ ಇನ್ನೊಂದ್ಸಲ ನೋಡೋಣ" ಎಂದು ಪಾಠ ಮುಗಿಯುವವರೆಗೆ ಮಕ್ಕಳ ಜೊತೆ ತಾವೂ ಜಗಳಕ್ಕೆ ನಿಂತರು. ಹೋಗುವಾಗ ಇನ್ಸ್‌ಪೆಕ್ಷನ್ ಪುಸ್ತಕದಲ್ಲಿ ಬರೆದರು: 'ಈ ತರಗತಿಯ ಮಕ್ಕಳಲ್ಲಿ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಬೇಕಾದಷ್ಟಿದೆ, ಬೇಡದಷ್ಟೂ ಇದೆ. ಮೇಷ್ಟ್ರನ್ನು ಖಾಯಂ ಮಾಡಬಹುದು.'

ಸರ್ಕಾರದ ಆರ್ಡರು ಬರಲು ತಿಂಗಳುಗಟ್ಟಲೆ ಹಿಡಿಯಿತು. ಸರ್ವಿಸ್ ರಿಜಿಸ್ಟರಿನಲ್ಲಿ ಆ ತಾರೀಖೇ ಇದೆ, ಲಗ್ನಪತ್ರಿಕೆಯಲ್ಲಿ ಇನ್ನೊಂದು ತಾರೀಖು. ಎರಡೂ ತಪ್ಪು. ನಾನು ಖಾಯಂ ಆದದ್ದು ಸಾವಿರದ ಒಂಬೈನೂರ ಅರವತ್ತೈದನೇ ಇಸವಿ, ಫೆಬ್ರವರಿ ಆರು, ಶನಿವಾರ, ಬೆಳಿಗ್ಗೆ ಹತ್ತೂ ಹತ್ತಕ್ಕೆ.